ಮಧ್ಯಾಹ್ನದ ಗೆರೆಗಳು

“ನೋಡಿ, ಮತ್ತೆ ಬಂತು!”

ಸಂಶೋಧಕಿ ಪರದೆಯ ಮೇಲೆ ಬೆರಳಿಟ್ಟಳು. ಅಲ್ಲಿ ಇರಬೇಕಾದದ್ದು ದುಂಡನೆಯ ಕಣಗಳು — ಔಷಧಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಜೀವಕೋಶದೊಳಗೆ ನುಸುಳುವ ನ್ಯಾನೋ ಕಣಗಳು. ಒಂದು ಕೂದಲಿನ ದಪ್ಪದಲ್ಲಿ ನೂರಾರು ಕಣಗಳನ್ನು ಸಾಲಾಗಿ ಕೂರಿಸಬಹುದಂತೆ. ಆದರೆ ಕಂಡದ್ದು ಗೆರೆಗಳು. ಅಲೆ ಅಲೆಯಾಗಿ, ಕಣಗಳನ್ನೆಲ್ಲ ನುಂಗಿ ನೀರು ಕುಡಿದ ಗೆರೆಗಳು.

ಚಿಕ್ಕಮ್ಮ ಕನ್ನಡಕ ಒರೆಸಿಕೊಂಡು ನೋಡಿದಳು. ಇಂಥ ಯಂತ್ರಗಳ ರಿಪೇರಿ ಅವಳ ಕೆಲಸ. ಅವಳ ಚೀಲ ಹೊರುವುದು ನನ್ನದು. ನನಗೆ ನಲವತ್ತು ದಾಟಿದೆ. ಆದರೂ ಹೋದಲ್ಲೆಲ್ಲ “ನಮ್ಮಕ್ಕನ ಮಗ, ಸ್ವಲ್ಪ ಪೆದ್ದು, ಒಳ್ಳೆಯವನು” ಎಂದೇ ಪರಿಚಯಿಸುತ್ತಾಳೆ.

ಈ ಯಂತ್ರಕ್ಕೆ ಕಣ್ಣಿಲ್ಲ. ಇರುವುದು ಒಂದು ಮೊನಚಾದ ಸೂಜಿ. ಕತ್ತಲಲ್ಲಿ ಗೋಡೆ ತಡವಿಕೊಂಡು ನಡೆಯುವವರ ಹಾಗೆ ಅದು ಕಣಗಳನ್ನು ತಡವಿ, ಸಾಲು ಸಾಲಾಗಿ ಚಿತ್ರ ಬರೆಯುತ್ತದೆ. ಪಕ್ಕದಲ್ಲಿ ಯಾರಾದರೂ ಸೀನಿದರೆ ಬೆಚ್ಚಿಬೀಳುತ್ತದೆ.

“ಯಾವಾಗಿಂದ ಹೀಗೆ?” ಚಿಕ್ಕಮ್ಮ ಕೇಳಿದಳು.

“ಹೆರಿಗೆ ರಜೆ ಮುಗಿಸಿ ಬಂದಾಗ ಚೆನ್ನಾಗೇ ಇತ್ತು ಮೇಡಂ. ಈ ತಿಂಗಳು ಶುರುವಾಯ್ತು. ಅದೂ ಮಧ್ಯಾಹ್ನ ಮಾತ್ರ.”

“ಬೆಳಿಗ್ಗೆ ನೋಡಬಾರದಾ?”

“ಬೆಳಿಗ್ಗೆ ಕಣ ತಯಾರು ಮಾಡ್ಬೇಕು. ಸಂಜೆಗೆ ಅವು ಒಂದಕ್ಕೊಂದು ಅಂಟ್ಕೊಂಡು ಹಾಳಾಗ್ತವೆ. ಬೆಳಿಗ್ಗೆ ಯಂತ್ರ ಅವರದು.” ಗಾಜಿನಾಚೆ ಕುಳಿತಿದ್ದ ಜೊತೆ ಸಂಶೋಧಕನನ್ನು ತೋರಿಸಿದಳು. ಎಲ್ಲರೂ ಅವನನ್ನು ‘ನಗುಮುಖ’ ಎನ್ನುತ್ತಾರಂತೆ. “ಅವರಿಗೆ ಒಂದು ಗೆರೆಯೂ ಬರಲ್ಲ.”

ಅವಳ ಕಣ್ಣು ತುಂಬಿಕೊಂಡಿತು. “ನಾಳೆಯೊಳಗೆ ಒಂದು ಸ್ವಚ್ಛ ಚಿತ್ರ ಸಿಗದಿದ್ರೆ ಈ ಕೆಲಸ ಅವರ ಪಾಲಾಗುತ್ತೆ. ‘ಮನಸ್ಸನ್ನ ಮಗು ಹತ್ರ ಇಟ್ಟು ಬಂದ್ರೆ ಹೀಗೇ ಆಗೋದು’ ಅಂದ್ರು ಮುಖ್ಯಸ್ಥರು. ವರ್ಷಗಟ್ಟಲೆ ಜೀವ ತೇಯ್ದಿದೀನಿ ಮೇಡಂ.”

“ಮಗು ಯಾರ ಹತ್ರ ಇದೆ?”

“ನಮ್ಮಪ್ಪನ ಹತ್ರ. ಮೊದಲು ಇಲ್ಲೇ ಸ್ಟೋರ್ ನೋಡ್ಕೋತಿದ್ರು. ಪಾಪ, ಮೇಲಿನ ಮನೆಯವರು ತಿಂಗಳಿಂದ ನೆಲ ಒಡೆಸ್ತಿದ್ದಾರೆ, ಡ್ರಿಲ್ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತೆ. ಆದ್ರೂ ಮಗು ಮಧ್ಯಾಹ್ನ ತೆಪ್ಪಗೆ ಮಲಗುತ್ತಂತೆ. ಅದೊಂದು ಪುಣ್ಯ.”

“ಹೂಂ” ಎಂದಳು ಚಿಕ್ಕಮ್ಮ. ನಾನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಲಿಫ್ಟ್ ನಿಲ್ಲಿಸಿ ನೋಡಿದೆವು. ಗೆರೆ ಹೋಗಲಿಲ್ಲ. ನೀರಿನ ಪಂಪ್ ಆರಿಸಿದೆವು. ಊಹೂಂ. ಚಿಕ್ಕಮ್ಮ ಮಾತ್ರ ಪರದೆಯ ಅಲೆಗಳ ಮೇಲೆ ಬೆರಳಾಡಿಸುತ್ತಲೇ ಇದ್ದಳು — ದೊಡ್ಡ ಅಲೆ, ಸಣ್ಣದು, ಇನ್ನೂ ಸಣ್ಣದು, ಮತ್ತೆ ದೊಡ್ಡದು. ಅಷ್ಟರಲ್ಲಿ ನಗುಮುಖ ಒಂದು ಲೋಟ ನೀರು ಹಿಡಿದು ಬಂದ. ಸಂಶೋಧಕಿಗೆ ಕೊಟ್ಟು, “ಸರಿಹೋಗುತ್ತೆ ಬಿಡಿ” ಎಂದ.

“ನೀವು ಎಂದಾದ್ರೂ ಮಧ್ಯಾಹ್ನ ಈ ಯಂತ್ರ ಬಳಸಿದ್ದೀರಾ?” ಚಿಕ್ಕಮ್ಮ ಕೇಳಿದಳು.

“ಒಂದೇ ಸಲ. ಇವರು ಮಗುಗೆ ಲಸಿಕೆ ಹಾಕಿಸೋಕೆ ರಜೆ ಹಾಕಿದ್ರಲ್ಲ, ಅವತ್ತು.”

“ಗೆರೆ ಬಂತಾ?”

“ಇಲ್ಲ.” ಅವನು ತಲೆ ತಗ್ಗಿಸಿದ. “ಅದನ್ನ ಮುಖ್ಯಸ್ಥರ ಹತ್ರ ಬಾಯಿಬಿಟ್ಟೆ. ಬಿಡಬಾರದಿತ್ತು.”

ಹೊರಗಿನ ಕಾರಿಡಾರಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. “ಇವನೇ ಚಿಕ್ಕಮ್ಮ! ಚಾಡಿನೂ ಹೇಳ್ತಾನೆ, ನೀರೂ ತಂದುಕೊಡ್ತಾನೆ. ಮಗೂನೂ ಚಿವುಟಿ ತೊಟ್ಟಿಲೂ ತೂಗೋ ಮನುಷ್ಯ!”

ಚಿಕ್ಕಮ್ಮ ಗಕ್ಕನೆ ನಿಂತಳು. “ಏನಂದೆ?”

“ಮಗೂನೂ ಚಿವುಟಿ—”

“ಅದಲ್ಲ. ಆಮೇಲೆ?”

“ತೊಟ್ಟಿಲೂ ತೂಗೋ…”

ಅವಳು ನನ್ನ ತಲೆಗೆ ಮೆಲ್ಲಗೆ ಮೊಟಕಿದಳು. ಅದು ಅವಳ ಮೆಚ್ಚುಗೆ. ತಿರುಗಿ ಒಳಗೆ ಹೋಗಿ ಕೇಳಿದಳು: “ಈ ಯಂತ್ರದ ಕೆಳಗಡೆ ಏನಿದೆ?”

“ಹಳೇ ಸ್ಟೋರ್. ಬೀಗ ಹಾಕಿದಾರೆ.”

“ಬೀಗದ ಕೈ?”

ಸಂಶೋಧಕಿ ಕಾಲ ಕೆಳಗಿನ ನೆಲದತ್ತ ನೋಡಿದಳು. “ಒಂದು… ಅಪ್ಪನ ಹತ್ರ ಇರ್ಬೇಕು.”

ಕೆಳಗೆ ಬಾಗಿಲು ಓರೆಯಾಗಿತ್ತು. ಖಾಲಿ ಕಪಾಟುಗಳ ನಡುವೆ, ಭಾರದ ಪೆಟ್ಟಿಗೆ ಎತ್ತಲೆಂದು ತೊಲೆಗೆ ಹಾಕಿದ್ದ ಕಬ್ಬಿಣದ ಕೊಕ್ಕೆ. ಕೊಕ್ಕೆಗೆ ಬಟ್ಟೆಯ ತೊಟ್ಟಿಲು. ಸ್ಟೂಲಿನ ಮೇಲೆ ಕೂತ ಮುದುಕರ ಕೈ ಹಗ್ಗದ ಮೇಲಿತ್ತು. ನಮ್ಮನ್ನು ಕಂಡು ಅವರು ಏಳಲಿಲ್ಲ. ತುಟಿಗೆ ಬೆರಳಿಟ್ಟರು.

“ಶ್! ಈಗಷ್ಟೇ ಕಣ್ಣು ಮುಚ್ಚಿದಾಳೆ.”

“ಅಪ್ಪಾ… ಇಲ್ಲಿ?”

“ಮನೇಲಿ ಆ ಡ್ರಿಲ್ಲು ಮಲಗೋಕೆ ಬಿಡಲ್ಲ ಕಣಮ್ಮ. ಅತ್ತು ಅತ್ತು ಗಂಟಲು ಕಟ್ಟಿತ್ತು. ನಿನಗೆ ಹೇಳಿದ್ರೆ ಮತ್ತೆ ರಜೆ ಹಾಕ್ತಿದ್ದೆ. ನಿನ್ನ ಯಂತ್ರಕ್ಕೋಸ್ಕರ ಈ ಕಡೆ ಒಂದು ಗಾಡಿನೂ ಬಿಡಲ್ಲವಲ್ಲ — ಇದಕ್ಕಿಂತ ಸದ್ದಿಲ್ಲದ ಜಾಗ ನನಗೆ ಗೊತ್ತಿಲ್ಲ.”

ಚಿಕ್ಕಮ್ಮ ಸಂಶೋಧಕಿಗೆ ಪಿಸುದನಿಯಲ್ಲಿ ಬಿಡಿಸಿ ಹೇಳಿದಳು. “ಈ ತೊಲೆ ಮೇಲೇ ಯಂತ್ರದ ಮೇಜು ನಿಂತಿದೆ. ಮೋಟಾರಾಗಿದ್ರೆ ಅಲೆಗಳೆಲ್ಲ ಒಂದೇ ಎತ್ತರ ಇರ್ತಿದ್ದವು. ಇಲ್ಲಿ ಅಲೆಗಳ ನಡುವಿನ ಅಂತರ ಒಂದೇ, ಎತ್ತರ ಮಾತ್ರ ಬರ್ತಾ ಬರ್ತಾ ಸಣ್ಣದು. ಅಂದ್ರೆ ತೂಗಾಡೋ ವಸ್ತು. ಆಮೇಲೆ ದಿಢೀರನೆ ದೊಡ್ಡದು! ಮಲಗ್ತು ಅಂತ ಕೈ ಬಿಟ್ಟಾಗ ಮಗು ಕಣ್ಣು ಬಿಟ್ರೆ ಹಾಗಾಗುತ್ತೆ. ಈ ಪೆದ್ದನ್ನ ತೂಗಿದ್ದು ನಾನೇ, ನನಗೆ ಗೊತ್ತಿಲ್ವಾ? ನೀನು ಬರದ ದಿನ ಗೆರೆಯೂ ಬರಲಿಲ್ಲ. ಎಲ್ಲರೂ ತಪ್ಪು ನಿನ್ನದೇ ಅಂದ್ರು. ಅವತ್ತು ಮಗೂನೂ ನಿನ್ನ ಹತ್ರಾನೇ ಇತ್ತು ಅನ್ನೋದು ಯಾರಿಗೂ ಹೊಳೀಲಿಲ್ಲ. ಆ ಡ್ರಿಲ್ ಸದ್ದಲ್ಲಿ ಯಾವ ಮಗು ತೆಪ್ಪಗೆ ಮಲಗುತ್ತೆ, ಹೇಳು?”

ಮುದುಕರು ಹಗ್ಗದಿಂದ ಕೈ ತೆಗೆದರು. “ನಿನ್ನ ಕೆಲಸ ಕೆಡಿಸಿದ್ದು ನಾನಾ?” “ನಿನಗೆ ನೆರವಾಗ್ಲಿ ಅಂತ…”

ಮಗಳು ಅವರ ಮೊಣಕಾಲ ಬಳಿ ಕುಳಿತಳು. “ನಿಮ್ಮ ಮೇಲೆ ಕೋಪ ಮಾಡ್ಕೋಬೇಕು ಅಂತಿದೀನಿ ಅಪ್ಪ. ಬರ್ತಾನೇ ಇಲ್ಲ.”

ಅವರು ಮೊಮ್ಮಗಳನ್ನು ಎತ್ತಿ ಎದೆಗೆ ಹಾಕಿಕೊಂಡು ಗೋಡೆಗೊರಗಿದರು. “ಹೋಗು. ನಾನು ಅಲ್ಲಾಡಲ್ಲ.”

ನಿಜಕ್ಕೂ ಅಲ್ಲಾಡಲಿಲ್ಲ. ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸಲಿಲ್ಲ. ಮೇಲೆ ಸೂಜಿ ಸಾಲು ಸಾಲಾಗಿ ನಡೆಯಿತು; ಒಂದೊಂದೇ ಕಣ ದುಂಡಗೆ ಮೂಡಿ ಬಂತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಗುಮುಖ. ನನಗೆ ನಾಚಿಕೆಯಾಯಿತು.

ಮುಖ್ಯಸ್ಥರು ಬಂದರು. “ಆ ಗೆರೆಗಳು ಯಾರ ಕೈವಾಡ?”

“ಇಬ್ಬರು ಸಾರ್,” ಎಂದಳು ಚಿಕ್ಕಮ್ಮ. “ಇಬ್ಬರಿಗೂ ಹಲ್ಲಿಲ್ಲ.”

ವಿಷಯ ಕೇಳಿ ಅವರು ಪರದೆಯ ಹತ್ತಿರ ಬಂದು ಚಿತ್ರ ನೋಡಿದರು. “ಕೊಕ್ಕೆ ತೆಗೆಸಿ, ನೆಲಕ್ಕೆ ಹಾಸಿಗೆ ಹಾಕಿಸಿ. ಬೀಗದ ಕೈ ಅವರ ಹತ್ರಾನೇ ಇರ್ಲಿ,” ಎಂದರು. ಆಮೇಲೆ ಸಂಶೋಧಕಿಯತ್ತ ತಿರುಗಿ, “ನಿಮ್ಮ ಕೆಲಸ ನಿಮ್ಮದೇ. ನಾನು ಆ ಮಾತು ಆಡಬಾರದಿತ್ತಮ್ಮ.”

ಹಾಳಾದ ಚಿತ್ರಗಳನ್ನು ನಾನು ಅಳಿಸಲು ಹೋದಾಗ ಸಂಶೋಧಕಿ ತಡೆದಳು. ಒಂದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕೆಳಗೆ ಒಯ್ದು ಅಪ್ಪನ ಪಕ್ಕ ಕೂತಳು.

“ನೋಡಿ, ನಿಮ್ಮ ಕೈ. ಇಲ್ಲಿ ಜೋರಾಗಿ ತೂಗಿದೀರಿ. ಇಲ್ಲಿ ಅವಳು ಎದ್ದಿದಾಳೆ. ಇಲ್ಲಿಂದ ಗೆರೆ ಪೂರ್ತಿ ನಿಂತಿದೆ. ಇಲ್ಲಿ ನಿದ್ದೆ ಬಂತಾ ಇವಳಿಗೆ?”

ಮುದುಕರು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು. ಬೊಚ್ಚು ಬಾಯಲ್ಲಿ ಮೆಲ್ಲಗೆ ನಕ್ಕರು.

“ಇಲ್ಲ ಕಣಮ್ಮ. ಅಲ್ಲಿ ನಿದ್ದೆ ಹೋಗಿದ್ದು ನಾನು.”