ಬರಿಗೈಯಲ್ಲಿ ನುಡಿಸಿದ್ದು

"ಏನ್ರೀ ಮಾಡಿಟ್ಟಿದ್ದೀರಿ ನನ್ನ ಪೆಟ್ಟಿಗೆಗೆ?"

ಸಂಗೀತದ ಮೇಷ್ಟ್ರು ಹಾರ್ಮೋನಿಯಂ ತಂದು ಕೌಂಟರಿನ ಮೇಲಿಟ್ಟರು. "ಬೆಳಿಗ್ಗೆ ಪ್ರಾರ್ಥನೆ ನುಡಿಸಿದ್ರೆ ಇದು ಬೇರೇನೋ ಹಾಡ್ತು! ಹುಡುಗೀರೆಲ್ಲ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗು. ಹೆಡ್‌ಮಿಸ್ಸು ನೋಡಿದ್ರೆ ಕಣ್ಣೊರೆಸ್ಕೋತಿದ್ರು."

"ಎಂಥ ಹಾಡು?" ಎಂದಳು ರಿಪೇರಿ ಅಂಗಡಿಯ ಹುಡುಗಿ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೇ ನೋಡುತ್ತಾ.

ಅವರು ನುಡಿಸಿ ತೋರಿಸಿದರು. ಒತ್ತಿದ್ದೊಂದು, ಹೊರಟಿದ್ದೊಂದು. ಬಾಗಿಲಲ್ಲಿ ನಿಂತ ಯಾರೋ, ಕೂಗಿ ಕರೆಯಲಾರದೆ, ಹೋಗುತ್ತಿರುವವರ ಬೆನ್ನನ್ನೇ ನೋಡುತ್ತಿರುವಂಥ ರಾಗ. ಅವಳ ಕಿವಿ ಕೆಂಪಾಯಿತು.

ಗೋಡೆಯ ಮೊಳೆಯಲ್ಲಿ ಹತ್ತಿಯ ಕೈಗವಸು ನೇತಾಡುತ್ತಿತ್ತು. ಆ ಅಂಗಡಿಯ ಕಟ್ಟುನಿಟ್ಟು ಅದೊಂದೇ: ರಿಪೇರಿಯಾದ ವಾದ್ಯವನ್ನು ಬರಿಗೈಯಲ್ಲಿ ನುಡಿಸಿ ನೋಡಬಾರದು, ಮನಸ್ಸಿನಲ್ಲಿರುವುದು ಬೆರಳಿನಿಂದ ಅದರೊಳಕ್ಕೆ ಇಳಿದುಬಿಡುತ್ತದೆ. ಆದರೆ ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತೆಂದು ನಿನ್ನೆ ಕೇಳಿದ ಮೇಲೆ ಅವಳಿಗೆ ಕೈಗವಸಿನ ನೆನಪಾದರೂ ಎಲ್ಲಿತ್ತು!

ಒಳಗಿನಿಂದ ಬಂದ ಅವಳ ಚಿಕ್ಕಪ್ಪ, ಅಂಗಡಿಯ ಯಜಮಾನರು, ರಾಗ ಕೇಳಿದರು, ಅವಳ ಮುಖ ನೋಡಿದರು.

"ಸೀಮೆಎಣ್ಣೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿದ್ರೆ ಹೋಗುತ್ತೆ ಮೇಷ್ಟ್ರೇ. ಆದ್ರೆ ಪೆಟ್ಟಿಗೆಯಿಂದ ಹೋದದ್ದು ನುಡಿಸಿದೋರ ಎದೆಯಿಂದಲೂ ಹೋಗುತ್ತೆ. ಮತ್ತೆ ಹುಟ್ಟಲ್ಲ." ಬಟ್ಟೆಯನ್ನು ಅವಳ ಕೈಗಿಟ್ಟರು. "ನೋಡಮ್ಮ, ನಿನಗೆ ಬಿಟ್ಟಿದ್ದು."

ಒರೆಸಿಬಿಟ್ಟರೆ ನಾಳೆ ಮೇಷ್ಟ್ರ ಬಸ್ಸು ಹೊರಡುವಾಗ ಏನೂ ನೋಯುವುದಿಲ್ಲ. ಅವಳು ಬಟ್ಟೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಒರೆಸಲ್ಲ," ಎಂದಳು. "ನುಡಿಸಿದ್ದು ನಾನೇ. ನಿಮಗೆ ಬೇರೆ ಪೆಟ್ಟಿಗೆ ಕೊಡ್ತೀನಿ. ಇದು ನನ್ಹತ್ರ ಇರಲಿ."

ಮೇಷ್ಟ್ರ ಸಿಟ್ಟು ಎಲ್ಲಿ ಹೋಯಿತೋ! ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೇಳಿದರು:

"ಇದು ಪದೇ ಪದೇ ಯಾಕೆ ಕೆಡ್ತಿತ್ತು, ಹೇಳಿ?"

"ಗಾಳಿ ಊದೋ ತಿದಿಯ ಸ್ಕ್ರೂ ಸಡಿಲ. ಯಾವಾಗ್ಲೂ ಅದೇ."

"ಸಡಿಲ ಮಾಡ್ತಿದ್ದೋನು ನಾನೇ ಕಣ್ರೀ."

"ಅಯ್ಯೋ, ಕಳ್ಳ ಮೇಷ್ಟ್ರೇ!"

"ನನಗೆ ಗೊತ್ತಿತ್ತಪ್ಪ," ಎಂದರು ಚಿಕ್ಕಪ್ಪ. "ಬರೋ ಗಿರಾಕೀನ ಯಾಕೆ ಕಳ್ಕೊಳ್ಲಿ ಅಂತ ಸುಮ್ಮನಿದ್ದೆ." ಮೊಳೆಯಲ್ಲಿದ್ದ ಕೈಗವಸನ್ನು ಜೇಬಿಗೆ ತುರುಕಿಕೊಂಡು ಒಳಗೆ ಹೊರಟುಹೋದರು.

"ಆ ಊರಲ್ಲಿ ರಿಪೇರಿ ಅಂಗಡಿ ಇಲ್ವಂತೆ," ಮೇಷ್ಟ್ರ ದನಿ ಇಳಿಯಿತು. "ಬರ್ತೀರಾ?"

"ನಾನು ನುಡಿಸಿದ್ದನ್ನ ಇಡೀ ಶಾಲೆ ಕೇಳಿದೆ. ನಿಮ್ಮದನ್ನ ನಾನೊಬ್ಬಳಾದ್ರೂ ಕೇಳ್ಬೇಡ್ವಾ?"

ಮೇಷ್ಟ್ರು ಎರಡು ಕೈಯನ್ನೂ ಕೀಗಳ ಮೇಲಿಟ್ಟು, ಗಾಳಿಗೇನು ಮಾಡಲಿ ಎಂಬಂತೆ ಅವಳತ್ತ ನೋಡಿದರು. ತಿದಿ ಅವಳ ಕಡೆಗೇ ಇತ್ತು.

ಅವಳು ಮೆಲ್ಲಗೆ ಒತ್ತಿದಳು. ಅದೇ ರಾಗ ಹೊರಟಿತು. ಆದರೆ ಈ ಸಲ, ರಾಗದೊಳಗೆ ಹೋಗುತ್ತಿದ್ದವರು ತಿರುಗಿ ನೋಡಿದರು.