ಹಗ್ಗದ ಕೆಳತುದಿ

ಬದಾಮಿಯ ಕೆಂಪು ಬಂಡೆಗೆ ಬೆಳಗಿನ ಬಿಸಿಲು ತಾಗುವ ಹೊತ್ತಿಗೆ ಅದರ ಮೈತುಂಬ ಜನ. ಒಬ್ಬೊಬ್ಬರ ಸೊಂಟದಿಂದಲೂ ಒಂದೊಂದು ಹಗ್ಗ ಹೊರಟು, ಬಂಡೆಯ ನೆತ್ತಿಗೆ ಜಡಿದ ಉಕ್ಕಿನ ಬಳೆಯಲ್ಲಿ ಹಾದು, ಮತ್ತೆ ನೆಲಕ್ಕಿಳಿದಿತ್ತು. ಬಂಡೆಯ ಬುಡದಲ್ಲಿ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ. ಹಗ್ಗಗಳ ಕೆಳತುದಿಯನ್ನು ಹಿಡಿದಿದ್ದವು ತೆಂಗಿನಕಾಯಿ ಗಾತ್ರದ ಬೂದು ಯಂತ್ರಗಳು. ಹತ್ತುವವರು ಮೇಲೇರಿದಷ್ಟೂ ಸಡಿಲಾದ ಹಗ್ಗವನ್ನು ಅವು ಮೆಲ್ಲಗೆ ಒಳಗೆಳೆದುಕೊಳ್ಳುತ್ತಿದ್ದವು. ಯಾರದಾದರೂ ಕಾಲು ಜಾರಿತೋ, ರೆಪ್ಪೆ ಬಡಿಯುವುದರೊಳಗೆ ಹಗ್ಗವನ್ನು ಕಚ್ಚಿ ಹಿಡಿದು, ಅವರ ಕಿವಿಯಲ್ಲಿ ಮೃದುವಾಗಿ ಕೇಳುತ್ತಿದ್ದವು: "ಇಳಿಸಲೇ?"

ದೂರದ ಬೇವಿನ ಮರದಡಿ ನಿಂತು ನೋಡುತ್ತಿದ್ದ ಡಾ. ವಿಭಾ ಮುಧೋಳಳಿಗೆ ಹೊಟ್ಟೆ ತುಂಬಿದಂತಾಯಿತು. ಯಂತ್ರ ಅವಳದು, ಅದಕ್ಕೆ 'ಜೊತೆ' ಎಂದು ಹೆಸರಿಟ್ಟವಳೂ ಅವಳೇ. ಹಗ್ಗದ ಹೆಣಿಗೆಯೊಳಗೆ ಕೂದಲಿಗಿಂತ ತೆಳುವಾದ ಗಾಜಿನ ಎಳೆಯೊಂದು ಓಡುತ್ತದೆ. ಹಗ್ಗ ಬಿಗಿಯಾದರೆ ಆ ಎಳೆಯಲ್ಲಿ ಹರಿಯುವ ಬೆಳಕು ಬದಲಾಗುತ್ತದೆ, ಆ ಬದಲಾವಣೆಯನ್ನು ಓದಿಯೇ ಜೊತೆಗೆ ಮೇಲಿನ ಸಮಾಚಾರ ತಿಳಿಯುವುದು. 2050ರ ಆಸುಪಾಸಿನಲ್ಲಿ ಅದು ಅಂಗಡಿಗೆ ಬಂದದ್ದೇ ತಡ, ಹವ್ಯಾಸಿಗಳು ಮರುಳಾಗಿಬಿಟ್ಟರು. ಹಗ್ಗ ಕಚ್ಚುವಾಗ ಅದು ಮಾಡುವ 'ಟಕ್' ಎಂಬ ಸದ್ದನ್ನು ಹೊಗಳಿದ್ದೇ ಹೊಗಳಿದ್ದು. ಹೆಂಡತಿಯ ಹುಟ್ಟಿದ ದಿನ ಮರೆಯುವ ಗಂಡಸರು ಕೂಡ ಅದನ್ನು ಪ್ರತಿ ವಾರ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬೇರಿಂಗಿಗೆ ಎಣ್ಣೆ ಬಿಟ್ಟು, ಟಿ.ವಿ. ಪಕ್ಕದಲ್ಲಿ ಇಡುತ್ತಿದ್ದರು.

ಅದಕ್ಕೆ ಮೊದಲು ಬಂಡೆ ಹತ್ತಲು ಇಬ್ಬರು ಬೇಕಾಗಿತ್ತು. ಒಬ್ಬ ಹತ್ತುತ್ತಿದ್ದರೆ ಇನ್ನೊಬ್ಬ ಹಗ್ಗ ಹಿಡಿದು, ಕತ್ತು ನೋಯುವ ತನಕ ಮೇಲೆ ನೋಡುತ್ತ ನಿಲ್ಲಬೇಕು. ಇಬ್ಬರ ರಜೆ ಹೊಂದದೆ ಎಷ್ಟೋ ಜನ ಹವ್ಯಾಸವನ್ನೇ ಬಿಟ್ಟಿದ್ದರು. ಈಗ ಪಾಳಿ ಮುಗಿಸಿದ ನರ್ಸು, ಸಂತೆ ಮುಗಿಸಿದ ಬಟ್ಟೆ ವ್ಯಾಪಾರಿ, ಯಾರ ಹಂಗೂ ಇಲ್ಲದೆ ಬಂದು ಹತ್ತಿ ಹೋಗುತ್ತಿದ್ದರು.

ವಿಭಾಳ ಹಗ್ಗ ಹಿಡಿಯುತ್ತಿದ್ದವನು ದಾದಾಪೀರ್ ನದಾಫ್. ಕಾಲೇಜಿನ ದಿನಗಳಿಂದಲೂ ಗೆಳೆಯ, ಈಗ ಗುಳೇದಗುಡ್ಡದಲ್ಲಿ ಗಣಿತದ ಮೇಷ್ಟರು.

"ಏನವಾ ವಿಜ್ಞಾನಿ, ನನ್ನ ಕೆಲಸಕ್ಕ ಕಲ್ಲ ಹಾಕಿದಿ," ಎಂದು ಅವನು ಕೀಟಲೆ ಮಾಡಿದ್ದ. "ಹೋಗ್ಲಿ ಬಿಡು, ಇನ್ನ ನಿನ್ನ ಬೈಗಳಾ ಕೇಳೋದ ತಪ್ಪಿತು."

ಮೊದಲ ಮಾದರಿ ಹೀಗಿರಲಿಲ್ಲ. ನೇತಾಡುತ್ತಿರುವವರು ಎರಡು ನಿಮಿಷ ಉತ್ತರ ಕೊಡದಿದ್ದರೆ ಅದು ತಾನಾಗಿಯೇ ಅವರನ್ನು ನೆಲಕ್ಕಿಳಿಸುತ್ತಿತ್ತು. ಹವ್ಯಾಸಿಗಳು ಕೆಂಡವಾದರು. ಸೋತ ಕೈ ಕೊಡವುತ್ತ, ಮುಂದಿನ ಹಿಡಿತ ಎಲ್ಲಿ ಎಂದು ಯೋಚಿಸುತ್ತ ನೇತಾಡುವವನನ್ನು ಕೇಳದೆ ಕೆಳಗಿಳಿಸುವುದೆಂದರೆ ಉಣ್ಣುವವನ ಮುಂದಿನಿಂದ ಎಲೆ ಎತ್ತಿದ ಹಾಗೆ. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ನದಾಫನೇ.

"ನಾ ಸುಮ್ಮ ಅದೀನಂದ್ರ ವಿಚಾರ ಮಾಡಾಕತ್ತೀನಿ ಅಂತ ತಿಳಕೋಬೇಕು. ನಿನ್ನ ಡಬ್ಬಿಗೆ ಅಷ್ಟೂ ತಿಳಿಯಂಗಿಲ್ಲೇನ?"

ವಿಭಾ ನಕ್ಕು ಆ ಏರ್ಪಾಟನ್ನು ತೆಗೆದುಹಾಕಿದಳು. ಅಂದಿನಿಂದ ಜೊತೆ ಕೇಳುತ್ತದೆ, ಉತ್ತರ ಬರುವ ತನಕ ಕಾಯುತ್ತದೆ.

ಮಾಘ ಮಾಸದ ಒಂದು ಮಧ್ಯಾಹ್ನ ನದಾಫ್ ಫೋನ್ ಮಾಡಿದ. "ಬರ್ತೀ ಏನ? ಭಾಳ ದಿನಾ ಆತು."

"ಕಂಪನಿಯವರ ಮೀಟಿಂಗ್ ಐತೋ. ಜೊತೆ ಐತಲ್ಲ, ನೀ ಹೋಗಿ ಬಾ."

ಅವನು ಹೋದ. ಅರ್ಧ ಹತ್ತಿದ ಮೇಲೆ ಬಂಡೆಯ ಚಾಚಿನ ಕೆಳಗೆ ಗೂಡು ಕಟ್ಟಿದ್ದ ಹೆಜ್ಜೇನು ಎದ್ದವು. ಮುಖ, ಕುತ್ತಿಗೆಗೆಲ್ಲ ಕಚ್ಚಿಸಿಕೊಂಡು ಅವನು ಪ್ರಜ್ಞೆ ತಪ್ಪಿ ಕೈಬಿಟ್ಟ. ಜೊತೆ ಹಿಡಿಯಿತು, ಒಂದು ಬೆರಳಿನಷ್ಟೂ ಜಾರಗೊಡದೆ ಹಿಡಿಯಿತು. ಸೊಂಟಕ್ಕೂ ತೊಡೆಗೂ ಬಿಗಿದ ಪಟ್ಟಿಯಲ್ಲಿ ಅಲ್ಲಾಡದೆ ನೇತಾಡುವ ಮನುಷ್ಯನ ರಕ್ತ ಕಾಲುಗಳಲ್ಲೇ ನಿಂತುಬಿಡುತ್ತದೆ, ಹೃದಯಕ್ಕೆ ಮರಳುವುದಿಲ್ಲ. ಜೀವ ಹೋಗಲು ಅರ್ಧ ಗಂಟೆಯೂ ಸಾಕು. ಪಕ್ಕದ ಬಂಡೆಯಲ್ಲಿ ಬೇರೆಯವರು ಹತ್ತುತ್ತಲೇ ಇದ್ದರು. ನದಾಫರು ದಣಿವಾರಿಸಿಕೊಳ್ಳುತ್ತಿದ್ದಾರೆಂದು ತಿಳಿದರು. ಇನ್ನೊಬ್ಬರ ಹಗ್ಗದ ಕಡೆ ನೋಡುವ ರೂಢಿ ಯಾರಿಗೂ ಉಳಿದಿರಲಿಲ್ಲ.

ನದಾಫನ ಸಾವಿನ ತನಿಖೆ ಮಾಡಿದವರು ಯಂತ್ರದಲ್ಲಿ ಎಳ್ಳಷ್ಟೂ ದೋಷವಿಲ್ಲ ಎಂದರು. ಕಂಪನಿಯಿಂದ ವಿಭಾಳಿಗೆ ಅಭಿನಂದನೆ ಬಂತು. ಅಂದೇ ಸಂಜೆ ಅವಳು ನದಾಫನ ಹೆಂಡತಿ ನಾಜನೀನಳ ಮುಂದೆ ಹೋಗಿ ಕೂತಳು. ಏನು ಹೇಳಬೇಕೆಂದು ತೋಚದೆ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ವಿವರಿಸತೊಡಗಿದಳು. ನಾಜನೀನ ಅಡ್ಡ ಮಾತಾಡದೆ ಕೇಳಿಸಿಕೊಂಡಳು.

"ಅದು ಅವರನ್ನ ಏನಂತ ಕೇಳತಿತ್ರೀ ಅಕ್ಕಾರ?"

"ಇಳಿಸಲೇ ಅಂತ."

"ಅವರು ಹೂಂ ಅನ್ಲಿಲ್ಲಂದ್ರ?"

"ಮತ್ತ ಕೇಳತೈತಿ."

"ಆಗೂ ಅನ್ಲಿಲ್ಲಂದ್ರ?"

ನಾಜನೀನ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾ ಅಡಗಿ ಮನ್ಯಾಗಿಂದ ಚಾ ಬೇಕೇನ್ರೀ ಅಂತ ಕರೀತಿದ್ದೆ. ಅವರು ಓ ಅನ್ಲಿಲ್ಲಂದ್ರ ಎರಡನೇ ಸಲ ಕರೀತಿದ್ದಿಲ್ರೀ. ಎದ್ದ ಹೋಗಿ ನೋಡತಿದ್ದೆ."

ಯಂತ್ರವೇನೋ ಸರಿಪಡಿಸುವಂಥದ್ದೇ. ಉಸಿರು, ಎದೆಬಡಿತ ಅಳೆಯುವ ಪಟ್ಟಿ ಜೋಡಿಸಿ, ಅವು ಏರುಪೇರಾದರೆ ಕೇಳದೆಯೇ ಇಳಿಸುವಂತೆ ಮಾಡಿದರಾಯಿತು. ಅವಳ ಎಂಜಿನಿಯರುಗಳು ಅದನ್ನು ಬೇಗನೆ ಮಾಡಿಯೂ ಕೊಟ್ಟರು, ಕಂಪನಿ ಅದನ್ನೇ ಹೊಸ ಮಾದರಿಯೆಂದು ಸಾರಿತು. ಆದರೂ ವಿಭಾಳಿಗೆ ಊಟ ಸೇರಲಿಲ್ಲ. ನಾಜನೀನ ಕೇಳಿದ್ದು ಯಂತ್ರದ ಮಾತಲ್ಲ. ಅಲ್ಲಿ ಅಷ್ಟು ಜನರಿದ್ದೂ ಎದ್ದು ಹೋಗಿ ನೋಡುವವರು ಒಬ್ಬರೂ ಇರಲಿಲ್ಲವಲ್ಲ, ಆ ಒಬ್ಬರನ್ನು ಮರಳಿ ತರಲಾದೀತೇ ಎಂಬುದೇ ಅವಳನ್ನು ಕೊರೆಯತೊಡಗಿತು.

ಒಂದು ಭಾನುವಾರ ಅವಳು ತಾನೂ ನದಾಫನೂ ಬಳಸುತ್ತಿದ್ದ ಹಳೆಯ ಹಗ್ಗ ಹೊತ್ತು ಬಂಡೆಯ ಬುಡಕ್ಕೆ ಬಂದಳು. "ನನ್ನ ಹಗ್ಗ ಯಾರರ ಹಿಡೀತೀರೇನ್ರೀ?" ಎಂದು ಕೇಳಿದಳು. ಹವ್ಯಾಸಿಗಳು ಮುಖ ಮುಖ ನೋಡಿಕೊಂಡರು. ತಮ್ಮ ಯಂತ್ರವನ್ನೇ ಕೊಡಲು ಮುಂದೆ ಬಂದವರು ಬೇಕಾದಷ್ಟಿದ್ದರು. ಹಗ್ಗ ಹಿಡಿಯಲು ಬರುವವರು ಒಬ್ಬರೂ ಇರಲಿಲ್ಲ. ಕೊನೆಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಪ್ರಶಾಂತ ಚಿಮ್ಮಡ ಎಂಬ ಸಂಭಾವಿತ ಮನುಷ್ಯ ಮುಂದೆ ಬಂದ.

"ಏನ ಮಾಡಬೇಕು ಹೇಳ್ರಿ ಮೇಡಮ್ಮರ, ಮಾಡತೀನಿ."

ವಿಭಾ ತೋರಿಸಿಕೊಟ್ಟಳು. ಹಗ್ಗವನ್ನು ಕೊಂಡಿಯಲ್ಲಿ ಹೀಗೆ ಪೋಣಿಸಬೇಕು, ಸಡಿಲಾದಂತೆ ಹೀಗೆ ಎಳೆಯಬೇಕು, ಬಲಗೈ ಮಾತ್ರ ಏನೇ ಆದರೂ ಹಗ್ಗ ಬಿಡಬಾರದು. "ಮತ್ತ ಮ್ಯಾಲೆ ನೋಡಕೋತ ಇರ್ರಿ. ಅಷ್ಟ." ಪ್ರಶಾಂತ ತಪ್ಪದೆ ಕಲಿತ, ಎರಡು ಸಲ ಮಾಡಿ ತೋರಿಸಿದ. ಅವಳಿಗೆ ಬಹಳ ದಿನಗಳ ಮೇಲೆ ತುಸು ನೆಮ್ಮದಿಯಾಯಿತು.

ನದಾಫ್ ನೇತಾಡಿದ ಜಾಗದ ತನಕ ಅವಳು ಏರಿದಳು. ಅಲ್ಲಿ ತೋಳು ಸೋತವು. ಅಂಚೊಂದನ್ನು ಹಿಡಿದು, ಹಣೆಯನ್ನು ಬಂಡೆಗೆ ಆನಿಸಿ ಸುಮ್ಮನಾದಳು. ಅಳು ಬಂತು, ತಡೆಯಲಿಲ್ಲ. ಕೆಳಗಿನಿಂದ ಒಂದು ಕೂಗು ಬಂದೀತೆಂದು ಕಾದಳು. ಬರಲಿಲ್ಲ. ಗಾಳಿ ಇರಲಿಲ್ಲವಾದ್ದರಿಂದ ಪ್ರಶಾಂತ ಮೆಲ್ಲಗೆ ಆಡುತ್ತಿದ್ದ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಎಡಗೈ ಮಣಿಕಟ್ಟಿನ ಪರದೆಯನ್ನು ಬಾಯಿಯ ಹತ್ತಿರ ಹಿಡಿದು, ಯಾವ ಪ್ರಶ್ನೆಗೂ ಉತ್ತರ ಕೊಡುವ ಅದರೊಳಗಿನ ಯಂತ್ರವನ್ನು ಕೇಳುತ್ತಿದ್ದ, ಬಹಳ ಕಾಳಜಿಯಿಂದಲೇ ಕೇಳುತ್ತಿದ್ದ:

"ಬಂಡೆ ಹತ್ತಾಕತ್ತಿದ್ದವರು ನಡುವ ಸುಮ್ಮನಾಗ್ಯಾರ. ಏನ ಮಾಡಬೇಕು?"

"ನನ್ನ ಕೇಳ್ರಿ!" ವಿಭಾ ಕಿರುಚಿದಳು. "ನಾ ಇಲ್ಲೇ ಅದೀನಲ್ಲ, ನನ್ನ ಕೇಳ್ರಿ!"

ಪ್ರಶಾಂತನ ಕಿವಿಯಲ್ಲಿ ಅಷ್ಟು ಹೊತ್ತಿಗೆ ಉತ್ತರ ಶುರುವಾಗಿತ್ತು. ಅದರ ಒಂದು ಅಕ್ಷರವೂ ತಪ್ಪಿಹೋಗದಿರಲೆಂದು ಅವನು ತಲೆ ತಗ್ಗಿಸಿಯೇ, ಒಂದು ನಿಮಿಷ ತಡೆಯಿರಿ ಎಂಬಂತೆ, ಅವಳತ್ತ ಬಲಗೈ ಎತ್ತಿದ.