ಪೆಟ್ಟಿಗೆ ಮೇಲಿನ ಒಂಟಿ ಅಕ್ಷರ

ಪಿಸ್ತೂಲು ಕೀರ್ತಿಯ ಕಿವಿಗೆ ಒತ್ತಿತ್ತು!

ಕೀರ್ತಿ ನನ್ನ ತಂಗಿಯ ಮಗಳು ಸ್ವಾಮಿ. ಫ್ರಾಂಕ್‌ಫರ್ಟ್ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ. ಪಿಸ್ತೂಲು ಹಿಡಿದವನು ಗಿರಿಧರ್. ಕದ್ದ ಮಾಲಿನ ದಲ್ಲಾಳಿ. ಬೆಂಗಳೂರಿನಿಂದ ಬಂದು ಬರೀ ಮೂರು ವಾರ. ಅವಳನ್ನು ತನ್ನ ಫ್ಲ್ಯಾಟಿನಲ್ಲಿ ಕುರ್ಚಿಗೆ ಕಟ್ಟಿಹಾಕಿ ನನ್ನನ್ನು ಕರೆಸಿದ್ದ.

ಟೇಬಲ್ ಮೇಲೆ ಅದೇ ಕಾರ್ಗೋದಿಂದ ಕದ್ದ ಜಪಾನಿನ ಸ್ಟೀಲ್ ಪೆಟ್ಟಿಗೆ. ಮುಚ್ಚಳದ ಮೇಲೆ ಒಂದೇ ಅಕ್ಷರ... 生. ಅಕ್ಷರದ ಪಕ್ಕದಲ್ಲಿ ರಿವೆಟ್ ಹೊಡೆದ ದಪ್ಪ ಸ್ಟೀಲ್ ಪಟ್ಟಿ. ಟೇಬಲ್ ತುದಿಯಲ್ಲಿ ಡ್ರಿಲ್.

"ನೀಲಕ್ಕ, ನೀವು ಬಿಡದಿ ಫ್ಯಾಕ್ಟರೀಲಿ ಜಪಾನಿಗಳ ದುಭಾಷಿ ಆಗಿದ್ರಂತೆ. ಇದೇನು ಹೇಳಿ. ಓಪನ್ ಮಾಡಿದ್ರೆ ಸಾಯ್ತೀನಾ?"

ಹೇಳಿದ ಮರುಗಳಿಗೆ ನಾವಿಬ್ಬರೂ ಫಿನಿಶ್! ಹೊತ್ತು ಕಳೆಯಲು ಮಾತು ಎಳೆದೆ.

"ಇದಕ್ಕ ಹತ್ತು ಅರ್ಥ ಅದಾವಪಾ. ಹುಟ್ಟೋದಕ್ಕೂ ಇದ, ಬದುಕೋದಕ್ಕೂ ಇದ. ಹಸಿ ಮೀನಿಗೂ ಇದ, ಲೈವ್ ಟಿವಿಗೂ ಇದ. ಬಾರಿನ್ಯಾಗ ಇದನ್ನ ಅಂದ್ರ ಡ್ರಾಫ್ಟ್ ಬಿಯರ್ ತಂದಿಡ್ತಾರ."

"ತಮಾಷೆನಾ? ಇಲ್ಲೇನು ಅರ್ಥ?"

"ಪಕ್ಕದ ಅಕ್ಷರ ನೋಡದ ಹ್ಯಾಂಗ ಹೇಳ್ಲೋ ಮಾರಾಯಾ! ಅದು ಪಟ್ಟಿ ಕೆಳಗ ಇರಬೇಕು. ಡ್ರಿಲ್ ಹಚ್ಚು!"

ಹಚ್ಚಿದ.

ಭಾನುವಾರ. ಮಧ್ಯಾಹ್ನ ಒಂದು ಗಂಟೆ!

ನಾನು ಈ ದೇಶದಲ್ಲಿ ಹದಿನೆಂಟು ವರ್ಷ ಬಾಳಿದವಳು. ಭಾನುವಾರ ಇಲ್ಲಿ ಸದ್ದಿಗೆ ಕಾನೂನಿನ ತಡೆ; ಖಾಲಿ ಬಾಟಲಿ ಡಬ್ಬಿಗೆ ಹಾಕಿದರೂ ಪಕ್ಕದವರು ಕಿಟಕಿ ತೆಗೆದು ಬೈಯುತ್ತಾರೆ. ಈ ಮಹಾಶಯ ಸ್ಟೀಲ್ ಕೊರೆಯುತ್ತಿದ್ದ!

ಕೆಳಗಿನ ಮನೆಯಿಂದ ಯಾರೋ ಸೀಲಿಂಗ್ ಕುಟ್ಟಿದರು. ಗಿರಿಧರ್ ನಿಲ್ಲಿಸಿದ.

"ಏನಕ್ಕಾ ಅದು?"

"ಪೈಪಿನ ಸದ್ದು. ಇನ್ನೂ ಮೂರು ರಿವೆಟ್ ಅದಾವ, ನಡಸು!"

ಕಾಲು ಗಂಟೆ ಕೊರೆದ. ಪಟ್ಟಿ ಕಳಚಿತು. ಕೆಳಗೆ ಅಕ್ಷರವೂ ಇಲ್ಲ, ಗಿಕ್ಷರವೂ ಇಲ್ಲ. ಡ್ರಿಲ್ ಬಿದ್ದ ತೂತಿನಿಂದ ಮೀನಿನ ವಾಸನೆ ಗಪ್ಪನೆ ಬಂತು.

"ಮೀನಾ?! ಆಟ ಆಡಿಸ್ತೀಯಾ ನನ್ನ?"

ಪಿಸ್ತೂಲು ನನ್ನ ಹಣೆಗೆ ಬಂತು. ಕೀರ್ತಿ ಕಣ್ಣು ಮುಚ್ಚಿಕೊಂಡಳು.

ದಬ್ ದಬ್ ದಬ್! "ಪೊಲಿಟ್ಸಾಯ್!"

ಗಿರಿಧರ್ ಬಾಗಿಲ ಕಡೆ ತಿರುಗಿದ. ಅಷ್ಟೇ ಸಾಕಾಯ್ತು... ಪಟ್ಟಿ ಎತ್ತಿ ಅವನ ಮಣಿಕಟ್ಟಿಗೆ ಬಾರಿಸಿದೆ! ಪಿಸ್ತೂಲು ಸೋಫಾದಡಿ ಜಾರಿತು. ಓಡಿ ಹೋಗಿ ಚಿಲಕ ತೆಗೆದೆ.

ಇಬ್ಬರು ಪೊಲೀಸರು. ಅವರನ್ನು ತಳ್ಳಿಕೊಂಡು, ಪೊರಕೆ ಹಿಡಿದ, ಕೆಳಗಿನ ಮನೆಯ ಎಂಬತ್ತರ ಅಜ್ಜಿ. ಕಟ್ಟಿಹಾಕಿದ ಹುಡುಗಿಯನ್ನು ಆಕೆ ನೋಡಲೇ ಇಲ್ಲ.

"ಡ್ರಿಲ್ ಹಾಕಿದ್ದು ಯಾರು?"

ಗಿರಿಧರನ ಕಡೆ ಬೆರಳು ತೋರಿಸಿದೆ. ಕೀರ್ತಿಯ ಕಟ್ಟು ಬಿಚ್ಚುವಾಗ ನನಗೆ ಅಳು ತಡೆಯಲಾಗಲಿಲ್ಲ.

ಅವನಿಗೆ ಕೈಕೋಳ ಬಿದ್ದದ್ದು ಆಮೇಲೆ. ಪೊರಕೆ ಏಟು ಮೊದಲು.